ಉಡದ ಪಟ್ಟು

ಕಾರ್ಖಾನೆಯಲ್ಲಿ ಎಲ್ಲರೂ ನಮ್ಮಣ್ಣನನ್ನು ಉಡ ಅಂತಲೇ ಕರೆಯುತ್ತಿದ್ದರು. ಉಡ ಗೋಡೆಗೆ ಕಚ್ಚಿಕೊಂಡರೆ ಹಗ್ಗ ಕಟ್ಟಿ ಎಳೆದರೂ ಬಿಡುವುದಿಲ್ಲವಂತೆ, ಇವನೂ ಹಾಗೆಯೇ. ಮನೆಯಲ್ಲಿ ತೆರೆಯದ ಡಬ್ಬಿ, ತಿರುಗದ ನಲ್ಲಿ, ಬಿಚ್ಚದ ಗಂಟು ಎಲ್ಲವೂ ಅವನು ಬರುವವರೆಗೆ ಸಾಲಾಗಿ ಕಾಯುತ್ತಿದ್ದವು. ಎರಕದ ಕಬ್ಬಿಣದ ಅಂಚು ಸವೆಸುವ ಗ್ರೈಂಡರನ್ನು ಇಪ್ಪತ್ತೆರಡು ವರ್ಷ ಹಿಡಿದವನು ಅವನು. ಭಾನುವಾರ ಅದೇ ಕೈಯಲ್ಲಿ ಬೇಸ್‌ಬಾಲ್ ಬ್ಯಾಟು. ಕಾರ್ಖಾನೆಯ ತಂಡದಲ್ಲಿ ಚೆಂಡನ್ನು ಮೈದಾನದ ಗೋಡೆ ದಾಟಿಸುವವನು ಅವನೊಬ್ಬನೇ. ಬೇರೆ ಯಾವ ಹೆಮ್ಮೆಯೂ ಅವನಿಗಿರಲಿಲ್ಲ. ಮದುವೆ ಮಾತೆತ್ತಿದರೆ, "ಭಾನುವಾರ ಬಿಡುವಿಲ್ಲ" ಅನ್ನುತ್ತಿದ್ದ. ಉಳಿದ ಆರು ದಿನ ಏನು ಅಂತ ಕೇಳುವ ಧೈರ್ಯ ಅಮ್ಮನಿಗೂ ಇರಲಿಲ್ಲ.

ಕಳೆದ ವರ್ಷದಿಂದ ಚೆಂಡು ಗೋಡೆಯ ಈಚೆಗೇ ಬೀಳತೊಡಗಿತು. ಮೊದಲು ಬ್ಯಾಟು ಸರಿಯಿಲ್ಲ ಅಂದ. ಆಮೇಲೆ ಎದುರುಗಾಳಿ ಅಂದ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂತ ಅಮ್ಮ ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಕೈಗೆ ಕಸರತ್ತು ಶುರುವಾಯಿತು. ರಬ್ಬರ್ ಚೆಂಡು ಹಿಸುಕುತ್ತಲೇ ಊಟಕ್ಕೆ ಕೂರುತ್ತಿದ್ದ. ಒಗೆದ ಬಟ್ಟೆಯನ್ನೆಲ್ಲ ತಾನೇ ಹಿಂಡುತ್ತಿದ್ದ. ನನ್ನ ಕೆಲಸದ ಕೋಟಿನ ಹೊಲಿಗೆ ಬಿಟ್ಟಿತು, ದಿಂಬಿನ ಚೀಲವೊಂದು ಹರಿದೇ ಹೋಯಿತು. ಚೆಂಡು ಮಾತ್ರ ಇನ್ನೂ ಹತ್ತು ಹೆಜ್ಜೆ ಈಚೆಗೆ ಬಿತ್ತು.

ತಂಡಕ್ಕೆ ಆಟ ಹೇಳಿಕೊಡುತ್ತಿದ್ದವರು ಪ್ಯಾಕಿಂಗ್ ವಿಭಾಗದ ಹಿರಿಯಕ್ಕ. ಆಳು ಕುಳ್ಳು, ಕಣ್ಣು ಚುರುಕು. ಒಂದು ಸಂಜೆ ಅವನನ್ನು ನಿಲ್ಲಿಸಿಕೊಂಡರು.

"ನೋಡು ಉಡ, ಹೊಡೆತ ಹುಟ್ಟೋದು ಪಾದದಲ್ಲಿ. ಅಲ್ಲಿಂದ ತೊಡೆ, ಸೊಂಟ, ಬೆನ್ನು, ಭುಜ ಅಂತ ಮೇಲಕ್ಕೆ ಬರುತ್ತೆ. ಕೈ ಬರೀ ಅಂಚೆಯವನು, ಬಂದಿದ್ದನ್ನ ಬ್ಯಾಟಿಗೆ ತಲುಪಿಸಿದ್ರೆ ಆಯ್ತು. ನೀನು ಅಂಚೆಯವನ ಕತ್ತು ಹಿಸುಕ್ತಾ ಇದ್ದೀಯ."

"ಹಾಗಾದ್ರೆ ಕೈಲಿ ಶಕ್ತಿ ಬೇಡ್ವಾ ಅಕ್ಕ?"

"ಬೇಕು. ಚೆಂಡು ತಗಲೋ ಗಳಿಗೇಲಿ ಬೇಕು. ಅದಕ್ಕೂ ಮುಂಚೆನೇ ಬಿಗಿ ಹಿಡಿದ್ರೆ ಮಣಿಕಟ್ಟು ತಿರುಗೋದಿಲ್ಲ, ಕೆಳಗಿಂದ ಬಂದಿದ್ದೆಲ್ಲ ಅಲ್ಲೇ ಸಿಕ್ಕಿಹಾಕ್ಕೊಳುತ್ತೆ. ಸ್ವಲ್ಪ ಬಿಡು."

"ಬಿಟ್ಟೇ ಹಿಡಿದಿದ್ದೀನಲ್ಲ," ಅಂದ ಅಣ್ಣ. ಸುತ್ತ ನಿಂತವರೆಲ್ಲ ನಕ್ಕರು. ಮನೆಗೆ ಬಂದು ಹೇಳಿದಾಗ ನಾನೂ ನಕ್ಕೆ.

ನಾನು ಅದೇ ಕಾರ್ಖಾನೆಯ ದವಾಖಾನೆಯಲ್ಲಿ ನರ್ಸ್. ಗ್ರೈಂಡರಿನ ಅದುರುವಿಕೆಗೆ ವರ್ಷಗಳು ಕಳೆದಂತೆ ಬೆರಳು ಮರಗಟ್ಟುವುದುಂಟು; ಅದನ್ನು ಹಿಡಿಯುವವರ ಕೈಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವುದು ನನ್ನ ಪಾಲಿನ ಕೆಲಸ. ಹಿಡಿಕೆಯನ್ನು ಅದುಮಿದರೆ ಮುಳ್ಳು ಏರುವ ಒಂದು ಸಣ್ಣ ಯಂತ್ರವಿದೆ. ಕೈ ಸರಿಯಿಲ್ಲವೆಂದು ನಾನು ಬರೆದರೆ ಗ್ರೈಂಡರ್ ತಪ್ಪುತ್ತದೆ. ದವಾಖಾನೆಯ ಚೀಟಿ ಇಲ್ಲದೆ ತಂಡದಲ್ಲಿ ಆಡುವ ಹಾಗೂ ಇಲ್ಲ. ಮುಳ್ಳು ಕಂಡರೆ ಗಂಡಸರು ಹಠಕ್ಕೆ ಬೀಳುತ್ತಾರೆಂದು ಎಲ್ಲರಿಗೂ ಕಿಟಕಿಯ ಕಡೆ ನೋಡಿ ಅನ್ನುತ್ತೇನೆ. ಅಣ್ಣನಿಗೂ ಅಂದೆ.

ಮುಳ್ಳು ಐವತ್ತೆಂಟು ಕಿಲೋ ತೋರಿಸಿತು. ಇಡೀ ವಿಭಾಗದಲ್ಲಿ ಅಷ್ಟು ಯಾರದೂ ಇರಲಿಲ್ಲ.

"ಸಾಕಣ್ಣ, ಬಿಡು."

"ಎಷ್ಟು ಬಂತು?" ಕಿಟಕಿ ನೋಡುತ್ತಲೇ ಕೇಳಿದ.

"ಬಿಡು, ಹೇಳ್ತೀನಿ."

"ಬಿಟ್ನಲ್ಲ."

ಮುಳ್ಳು ನಲವತ್ತರಲ್ಲಿ ನಿಂತಿತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ತಮಾಷೆ ಮಾಡುತ್ತಿದ್ದಾನೆಂದು ಮುಖ ನೋಡಿದೆ. ಅವನು ಹೊರಗೆ ಲಾರಿಗೆ ಸರಕು ಏರಿಸುವುದನ್ನು ನೋಡುತ್ತಿದ್ದ. ನಾನು ಒಂದೊಂದೇ ಬೆರಳು ಬಿಡಿಸಿದೆ. ಆಗ ಅವನು ತಿರುಗಿ ತನ್ನ ಕೈಯನ್ನು ನೋಡಿದ.

"ಯಾವಾಗಿಂದ?" ಅಂದೆ.

"ಹೋದ ಚಳಿಗಾಲದಿಂದ. ಲೋಟ ಬಿಸಿನೋ ತಣ್ಣಗೋ, ತುಟಿಗಿಟ್ಟ ಮೇಲೇ ಗೊತ್ತಾಗೋದು."

ಸಿಟ್ಟು ಬರಬೇಕಿತ್ತು, ಅಳುವಾದರೂ ಬರಬೇಕಿತ್ತು. ನನಗೆ ಏನೂ ಬರಲಿಲ್ಲ. ಯಂತ್ರವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

"ಈ ಭಾನುವಾರದ ಆಟ ಒಂದು ಆಗ್ಲಿ. ಆಮೇಲೆ ಬರಿ," ಅಂದ. ಅಲ್ಲಿಯವರೆಗೆ ರಜೆ ಹಾಕಬೇಕು, ಗ್ರೈಂಡರ್ ಮುಟ್ಟಬಾರದು ಅಂದೆ. ಒಪ್ಪಿದ. ಆಡಬಹುದು ಅಂತ ಚೀಟಿ ಬರೆದುಕೊಟ್ಟೆ. ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ.

ಭಾನುವಾರ ಬ್ಯಾಟು ಬೀಸುವವರ ಹಿಂದಿನ ಬಲೆಗೆ ಒತ್ತಿಕೊಂಡು ಕೂತೆ. ಅದು ನಮ್ಮಿಬ್ಬರ ಒಪ್ಪಂದ. ಬಿಗಿಯೋ ಸಡಿಲವೋ ಅವನಿಗೆ ತಿಳಿಯುವುದಿಲ್ಲ. ಗೆಣ್ಣಿನ ಬಣ್ಣ ನೋಡಿ ನಾನು ಹೇಳಬೇಕು. ಅದಕ್ಕೆಂದೇ ಅವನು ಕೈಗವಸು ಹಾಕಿರಲಿಲ್ಲ. ಎರಡು ಚೆಂಡಿಗೆ ಬೀಸಿದ, ಎರಡೂ ತಗಲಲಿಲ್ಲ. ಇನ್ನೊಂದು ತಪ್ಪಿದರೆ ಔಟು, ಅಲ್ಲಿಗೆ ಮುಗಿಯಿತು.

"ಹೇಗಿದೆ?" ತಿರುಗದೆ ಕೇಳಿದ.

"ಬೆಳ್ಳಗಿದೆ. ಬಿಡು."

"ಈಗ?"

"ಇನ್ನೂ ಸ್ವಲ್ಪ."

ಗೆಣ್ಣುಗಳಿಗೆ ಮೆಲ್ಲಗೆ ಬಣ್ಣ ಬಂತು. "ಹಾಂ, ಹಾಗೇ ಇರು" ಅಂದೆ. ಚೆಂಡು ಬಂತು. ಮೊದಲು ಪಾದ ಊರಿತು, ಆಮೇಲೆ ಸೊಂಟ ತಿರುಗಿತು, ಕೈ ಎಲ್ಲಕ್ಕಿಂತ ಕೊನೆಗೆ ಬಂತು. ಚೆಂಡು ಗೋಡೆ ದಾಟಿ ಆಚೆಯ ರಸ್ತೆಗೆ ಬಿತ್ತು. ಹಿರಿಯಕ್ಕ ಎದ್ದು ನಿಂತು, "ಅಂಚೆ ತಲುಪ್ತು" ಅಂದರು.

ಅಣ್ಣ ತಲೆ ಎತ್ತಿಕೊಂಡು, ಬೇಸ್ ಅನ್ನುವ ನಾಲ್ಕು ಗುರುತುಗಳನ್ನು ಮುಟ್ಟಿ ಬರಲು ಓಡಿದ. ಮೊದಲು ಚಪ್ಪಾಳೆ, ಆಮೇಲೆ ನಗು. ಚೆಂಡು ಹೊಡೆದವನು ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು; ಚಿಕ್ಕ ಮಕ್ಕಳಿಗೂ ಗೊತ್ತು. ಇವನ ಬಲಗೈಯಲ್ಲಿ ಬ್ಯಾಟು ಹಾಗೇ ಇತ್ತು. "ಉಡ ಬಿಡಲ್ಲ ಕಣ್ರೋ" ಅಂತ ಯಾರೋ ಕೂಗಿದರು. ಮೈದಾನಕ್ಕೆ ಮೈದಾನವೇ ನಕ್ಕಿತು. ತನ್ನ ಹೊಡೆತಕ್ಕೆ ಖುಷಿಪಡುತ್ತಿದ್ದಾರೆಂದುಕೊಂಡು ಅವನೂ ನಕ್ಕ, ಎಡಗೈ ಎತ್ತಿ ಬೀಸಿದ. ಮೂರನೆಯ ಬೇಸ್ ಮುಟ್ಟಿ ತಿರುಗಿದಾಗ ನನ್ನನ್ನು ನೋಡಿದ. ನಾನೊಬ್ಬಳು ನಗುತ್ತಿರಲಿಲ್ಲ. ನಾನು ಎಲ್ಲಿ ನೋಡುತ್ತಿದ್ದೇನೆಂದು ಅವನೂ ಕೆಳಗೆ ನೋಡಿಕೊಂಡ.

ನಡೆದೇ ಬಂದು ಕೊನೆಯ ಬೇಸ್ ಮುಟ್ಟಿದ. ಬಲೆಯ ಹತ್ತಿರ ಬಂದ.

"ಅಲ್ಲೇ ಬಿಟ್ಟೆ ಅಂದ್ಕೊಂಡಿದ್ದೆ ಕಣೆ," ಅಂದ.

ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬ್ಯಾಟನ್ನು ನೆಲಕ್ಕೆ ಮಲಗಿಸಿದ. ಅದು ಕೈಯಲ್ಲಿಲ್ಲ ಅನ್ನುವುದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ.

"ನಾಳೆ ಬರೆದುಬಿಡು," ಅಂದ.

ಸೋಮವಾರ ಬೆಳಗ್ಗೆ ಬರೆದೆ.