ಕವಿತಾ ಖಾಲಿ ಬಿಟ್ಟ ವಾಕ್ಯಗಳು

ಬೆಳಿಗ್ಗೆ ಹಾಲು ಕಾಯಿಸಿ, ನಲ್ಲಿ ನೀರು ಹಿಡಿದು, ಯಜಮಾನರಿಗೆ ಚಿತ್ರಾನ್ನ ಕಲಸಿಟ್ಟು, ತೊಗರಿಬೇಳೆ ಬಿಸಿಲಿಗೆ ಹರವಿ ಶಾಲೆಗೆ ಹೊರಟೆ. ಎರಡು ವರ್ಷದ ಹಿಂದಿನ ಮಾತು. ಆಗ ನಾನು ಹಿರಿಯೂರಿನಿಂದ ಮಾರಿಕಣಿವೆ ಅಣೆಕಟ್ಟಿಗೆ ಹೋಗುವ ದಾರಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ. ಬೇಸಿಗೆ ರಜೆಯಾದರೂ ಎಸ್ಸೆಸ್ಸೆಲ್ಸಿ ಎರಡನೇ ಪರೀಕ್ಷೆ ಬರೆಯುವವರಿಗೆ ವಿಶೇಷ ತರಗತಿ ನಡೆಯುತ್ತಿತ್ತು.

ಅವರಲ್ಲಿ ಕವಿತಾ ಕುರಿ ಸಾಕುವ ಮನೆಯವಳು. ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಅವಳ ಅಪ್ಪ ಚಿತ್ತಪ್ಪ ಶಾಲೆಗೇ ಬಂದು ಹೇಳಿದ್ದರು: "ಈ ಸಲ ಪಾಸಾದ್ರೆ ಆಳು ಇಟ್ಕಂಡು ಇವಳನ್ನ ಕಾಲೇಜಿಗೆ ಹಾಕ್ತೀನಿ ಮೇಡಮ್ಮಾರೆ. ಇಲ್ಲಾಂದ್ರೆ ನನ್ ಜೊತೆ ಕುರಿ ಹಿಂದೆ ಬರ್ಲಿ."

ಅಂದಿನ ಪಾಠ ಕಂಡಿಷನಲ್ ಸೆಂಟೆನ್ಸ್, ಅಂದರೆ 'ಹೀಗಾದರೆ ಹಾಗೆ' ಎನ್ನುವ ಷರತ್ತಿನ ವಾಕ್ಯಗಳು. ಮುಂದೆ ಆಗಬಹುದಾದದ್ದು, ಬರೀ ಊಹೆ, ಹಿಂದೆ ಆಗದೇ ಹೋದದ್ದು ಎಂದು ಮುಖ್ಯವಾಗಿ ಮೂರು ಬಗೆ. 'ಮಳೆ ಬಂದರೆ' ಎಂಬುದನ್ನು ಕವಿತಾ ಸರಸರ ಮುಗಿಸಿದಳು. 'ಅಣೆಕಟ್ಟು ಒಡೆದಿದ್ದರೆ', 'ಕುರಿಗಳಿಗೆ ರೋಗ ಬಂದಿದ್ದರೆ' ಎಂದು ನಾನು ಕೊಟ್ಟವುಗಳ ಮುಂದೆ ಏನೂ ಇಲ್ಲ. ಸೂತ್ರ ಕೇಳಿದರೆ ತಪ್ಪಿಲ್ಲದೆ ಒಪ್ಪಿಸಿದಳು.

ಪಕ್ಕದ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ಅವ್ಳು ಬರಿಯಲ್ಲ ಬಿಡ್ರಿ ಮೇಡಂ. ಕೆಟ್ಟ ಮಾತಾಡಿದ್ರೆ ಅವರಜ್ಜಿ 'ಬಿಡ್ತು ಅನ್ನು' ಅಂತ ತಲೆ ಮೊಟಕ್ತಾಳೆ."

ಕವಿತಾ ತಲೆ ತಗ್ಗಿಸಿದಳು. "ಕುರಿ ವಿಷ್ಯ ಹಂಗೆಲ್ಲ ಬರೀಬಾರ್ದು ಮೇಡಂ."

ನನ್ನ ತವರಿನಲ್ಲೂ ಅಪಶಕುನದ ಮಾತು ಬಾಯಿಗೆ ಬಂದರೆ 'ಬಿಡ್ತು' ಎಂದೇ ಮುಂದಿನ ಮಾತು. ಅವಳ ಪಕ್ಕ ಕೂತೆ. ರೋಗ ಬಂದಿದ್ದರೆ ಅಂದಾಗ ಬಂತೋ, ಇಲ್ಲವೋ ಎಂದು ಕೇಳಿದೆ.

"ಬರ್ಲಿಲ್ಲ."

ಅಣೆಕಟ್ಟು? ಅದೂ ಒಡೆಯಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡಿದ್ದು ಮುಖ ಎತ್ತಿದಳು. "ಹಂಗಾದ್ರೆ ಬಿಡ್ತು ಅನ್ನೋದು ಇದ್ರೊಳಗೇ ಐತೆ ಮೇಡಂ."

ಕೊಟ್ಟ ವಾಕ್ಯಗಳನ್ನೆಲ್ಲ ಒಂದೇ ಉಸಿರಿಗೆ ಬರೆದಳು. ಸಾಲದೆಂದು ತಾನೇ ಇನ್ನಷ್ಟು ಕಟ್ಟಿದಳು. ಪರೀಕ್ಷೆಯಲ್ಲೂ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಫಲಿತಾಂಶದ ದಿನ ನನ್ನ ಮೊಬೈಲಿನಲ್ಲೇ ನೋಡಿದೆವು. ಫಸ್ಟ್ ಕ್ಲಾಸ್ ಅಂಕ. ಕವಿತಾ ಶಾಲೆಯ ಅಂಗಳವನ್ನು ಒಂದು ಸುತ್ತು ಓಡಿಬಂದಳು.

ಮಕ್ಕಳು ಖಾಲಿ ಬಿಟ್ಟ ಜಾಗ ಕಂಡರೆ ನಾನು ಈಗ ಮೊದಲು ಯಾಕೆ ಎಂದು ಕೇಳುತ್ತೇನೆ. ಸೂತ್ರ ಆಮೇಲೆ.

ಫಲಿತಾಂಶ ಬಂದ ಸಂಜೆ ಕವಿತಾಳ ಮನೆಯಲ್ಲೇ ನನಗೆ ಊಟ. ಮುದ್ದೆ, ಹುರುಳಿಕಾಳಿನ ಸಾರು, ಶಾವಿಗೆ ಪಾಯಸ. ಹೊಸ ಆಳಿನ ಜೊತೆ ನಸುಕಿಗೇ ಮಂದೆ ಹೊಡೆದುಕೊಂಡು ಹೊರಡಬೇಕೆಂದು ಚಿತ್ತಪ್ಪ ಎಲ್ಲರಿಗಿಂತ ಮೊದಲು ಜಗಲಿಯಲ್ಲಿ ಮಲಗಿಬಿಟ್ಟರು. ಕವಿತಾ ಮಾತ್ರ ಕಾಲೇಜಿನ ಸಮವಸ್ತ್ರದ ಬಣ್ಣ ಯಾವುದೆಂದು ನನ್ನನ್ನು ಇನ್ನೂ ಕೇಳುತ್ತಲೇ ಇದ್ದಳು.