ವಲ್ಲಿಯ ಕೆಳಗಿನ ಹೆಬ್ಬೆರಳು

ಔಡಲ ಎಣ್ಣೆ ಬಿಸಿಯಾಗುವ ವಾಸನೆ ಒಳ್ಳೆಯ ವಾಸನೆಯೇನಲ್ಲ. ಮೂಗಿಗೇ ಜಿಡ್ಡು ಹತ್ತಿದಂತಾಗುತ್ತದೆ, ಅರಿವೆಗೆ ತಗಲಿದರೆ ಒಗೆದರೂ ಹೋಗುವುದಿಲ್ಲ. ಆದರೂ ಯಾರದೋ ಮನೆಯ ಮುಂದೆ ಹಾಯುವಾಗ ಆ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಈಗ ಬಟ್ಟೆ ಅಂಗಡಿಗಳ ಸಾಲು ಇರುವಲ್ಲಿ, ನಮ್ಮದೊಂದು ಮಣ್ಣಿನ ಮಾಳಿಗೆಯ ಮನೆ ಇತ್ತು. ಊರನ್ನು ಆಗ ಬಿಜಾಪುರ ಅನ್ನುತ್ತಿದ್ದರು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಸುಕಿನಲ್ಲಿ ಒಲೆಯ ಬೆಳಕಿನಲ್ಲೇ ಆಯಿ ಸಣ್ಣ ಬಟ್ಟಲಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ಮುತ್ಯಾ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅವು ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತ ಕೂತಿರುತ್ತಿದ್ದ. ತಂದೆ ತಾಯಿ ಇಲ್ಲದ ನನ್ನನ್ನು ಸಾಕಿದವರು ಈ ಅಜ್ಜ ಅಜ್ಜಿ ಇಬ್ಬರೇ.

ಮುತ್ಯಾ ದನದ ಸಂತೆಯಲ್ಲಿ ದಲಾಲ. ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆಯ ರೈತರು ಎತ್ತು ಹೊಡೆದುಕೊಂಡು ಬಂದರೆ ಮೊದಲು ಹುಡುಕುತ್ತಿದ್ದುದು ಅವನನ್ನೇ. ಆ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಇಬ್ಬರು ದಲಾಲರು ಬಲಗೈ ಕೂಡಿಸಿ ಮೇಲೆ ಹೆಗಲ ಮೇಲಿನ ವಲ್ಲಿ ಹೊದಿಸುತ್ತಿದ್ದರು. ಅದರ ಕೆಳಗೆ ಮಾರುವವನ ಕಡೆಯವನು ಕೊಳ್ಳುವವನ ಕಡೆಯವನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದರೆ ಅಷ್ಟು ದರ. ನೂರೋ ಹತ್ತೋ ಎಂಬುದು ದನ ನೋಡಿದವರಿಗೆ ಗೊತ್ತಿರುತ್ತಿತ್ತು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಅಲುಗಾಡುವ ಬಟ್ಟೆ ಮಾತ್ರ. ವಲ್ಲಿ ತೆಗೆದ ಮೇಲೆ ದರದ ಮಾತು ಆಡುವಂತಿಲ್ಲ, ಆಡಿದವನಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ. ನಾನು ಮುಂದೆ ಕಾಳಿನ ವ್ಯಾಪಾರದಲ್ಲಿ ನಾಲ್ಕು ದುಡ್ಡು ಕಂಡವನು. ವ್ಯಾಪಾರಕ್ಕೆ ಬರುವ ಹುಡುಗರಿಗೆ ಇಂದಿಗೂ ಹೇಳುವುದು ಇದನ್ನೇ: ಬಾಯಿಗಿಂತ ಮೊದಲು ಕೈಯನ್ನು ಪಳಗಿಸಿಕೊಳ್ಳಿ.

ಅಂಥ ಕೈಗೆ ವಾಯು ಹಿಡಿಯಿತು. ಮೊದಲು ಮುಂಜಾನೆ ಅಷ್ಟೇ ಬೆರಳು ಸೆಟೆಯುತ್ತಿದ್ದವು, ಬಿಸಿಲೇರಿದರೆ ಸಡಿಲಾಗುತ್ತಿದ್ದವು. ಆಮೇಲೆ ಗೆಣ್ಣುಗಳು ಬಾತವು, ಭುಜ ಬಿಗಿಯಿತು, ಬಲಗೈಯ ಕೊನೆಯ ಎರಡು ಬೆರಳು ಅರ್ಧಕ್ಕೇ ನಿಂತುಬಿಟ್ಟವು. ಪೂರ್ತಿ ಮಡಚಲೂ ಒಲ್ಲವು, ಚಾಚಲೂ ಒಲ್ಲವು. ಡಾಕ್ಟರು ಕೊಟ್ಟ ಗುಳಿಗೆ ನೋವು ತಗ್ಗಿಸಿತು, ಬಿಗಿತವನ್ನಲ್ಲ. ಮುತ್ಯಾ ಕೈಯನ್ನು ಅಂಗಿಯ ಕಿಸೆಯಲ್ಲಿ ಮುಚ್ಚಿಟ್ಟುಕೊಂಡೇ ಸಂತೆಗೆ ಹೋಗುತ್ತಿದ್ದ. ಒಂದು ಸಂತೆಯಲ್ಲಿ ಜೈನಾಪುರದ ಮಲ್ಲಪ್ಪನ ಜೋಡೆತ್ತಿಗೆ ತಿಕೋಟಾದ ದಲಾಲ ಸಂಗಪ್ಪನ ಜೊತೆ ಕೈ ಕೂಡಿಸಿದ. ಮಲ್ಲಪ್ಪ ಹೇಳಿದ್ದು ಐದು. ಮುತ್ಯಾ ಐದೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದ. ಬಿಗಿಯದ ಆ ಎರಡು ಬೆರಳ ಸಂದಿನಿಂದ ಸಂಗಪ್ಪನ ಕಿರುಬೆರಳು ಜಾರಿ ಹೊರಗುಳಿಯಿತು. ಸಂಗಪ್ಪ ವಲ್ಲಿ ಕೊಡವಿ ಎದ್ದವನೇ ಎತ್ತಿನ ಹಗ್ಗಕ್ಕೆ ಕೈ ಹಾಕಿ, ತನ್ನ ಗಿರಾಕಿಯಿಂದ ನಾಲ್ಕರ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಡಿಸಿದ. ಮಲ್ಲಪ್ಪ ಮುತ್ಯಾನ ಮುಖ ನೋಡಿದ. “ಯಪ್ಪಾ, ನಾ ನಿನಗ ಹೇಳಿದ್ದ ಬ್ಯಾರೆ ಅಲ್ಲೇನು?” ಅಂದ. ವಲ್ಲಿ ತೆಗೆದಾಗಿತ್ತು. ಮುತ್ಯಾ ತನ್ನ ದಲಾಲಿಯನ್ನು ಮಲ್ಲಪ್ಪನ ಉಡಿಯಲ್ಲಿ ಹಾಕಿ ಮನೆಗೆ ಬಂದ. ಮುಂದಿನ ಸಂತೆಯ ಹೊತ್ತಿಗೆ ಮಾತು ಎಲ್ಲ ಕಡೆ ಹಬ್ಬಿತ್ತು: “ಮುದುಕನ ಕೈ ಸುಳ್ಳ ಹೇಳಾಕತ್ತೈತಿ.” ದಿನವಿಡೀ ಬಿಸಿಲಲ್ಲಿ ನಿಂತರೂ ಯಾರೂ ಅವನ ಹತ್ತಿರ ದನ ತರಲಿಲ್ಲ.

ಮತ್ತೊಬ್ಬನಾಗಿದ್ದರೆ ಕಟ್ಟೆ ಹಿಡಿದು ಕೂಡುತ್ತಿದ್ದ. ಮುತ್ಯಾ ಮರುದಿನ ನಸುಕಿನಲ್ಲೇ ಒಲೆಯ ಮುಂದೆ ಬಂದು, ಆಯಿ ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿಯುವುದನ್ನು ನೋಡಿ, “ಸರಿ ಅತ್ತಾಗ. ಹಿಟ್ಟ ನಾ ನಾದತೀನಿ” ಅಂದ. ಆಯಿ ಹಿಟ್ಟು ನಾದುವ ಕೊಣಬಿಗೆಯನ್ನು ಎದೆಗೆ ಅವಚಿಕೊಂಡಳು. “ಗಂಡಸರು ಹಿಟ್ಟ ನಾದಿದ್ರ ಓಣಿ ಮಂದಿ ಏನಂದಾರು? ರೊಟ್ಟಿ ಹರದ್ರ ನಾ ನಿಮ್ಮ ಹೆಸರ ಹೇಳಾಕಿ ನೋಡ್ರಿ.” ಮುತ್ಯಾ ನಕ್ಕ. “ಹೇಳ. ಎತ್ತ ಮಾರಿದಾಗ ಹೆಸರ ಕೆಟ್ಟೈತಿ, ರೊಟ್ಟಿಗ್ಯಾಕ ಅಂಜಲಿ?” ಎಣ್ಣೆ ಹಚ್ಚಿ ಕಾವು ಕೊಟ್ಟರೆ ಬಾರದ ಸಡಿಲು ಆ ಬೆಚ್ಚನೆಯ ಹಿಟ್ಟಿನಲ್ಲಿ ಬರುತ್ತಿತ್ತು. ಕೈ ಊರಿ, ಒತ್ತಿ, ಮಡಚಿ, ಮತ್ತೆ ಊರಿ. ಹಿಟ್ಟು ಆರುವವರೆಗೆ ಬಿಡುತ್ತಿರಲಿಲ್ಲ. ಮೊದಲ ದಿನಗಳ ರೊಟ್ಟಿ ಅಂಚು ಒಡೆದು ಹಪ್ಪಳದಂತಿರುತ್ತಿತ್ತು. ಆಯಿ ಅದನ್ನು ಅವನ ತಾಟಿಗೇ ಹಾಕುತ್ತಿದ್ದಳು. ಮಾಗಿ ಮುಗಿಯುವ ಹೊತ್ತಿಗೆ, “ನಿಮ್ಮ ಹಿಟ್ಟಿಗೆ ಜಿಗಿ ಚಲೋ ಬರ್ತೈತಿ” ಅಂತ ಅವಳೇ ಒಪ್ಪಿಕೊಂಡಳು.

ನಿಮ್ಮ ಮನೆಯಲ್ಲೂ ಹೀಗೆ ಕೈ ಸೆಟೆದ ಹಿರಿಯರು ಇದ್ದಾರು, ಅದಕ್ಕೇ ಹೇಳುತ್ತೇನೆ. ತಣ್ಣನೆಯ ಕೈಯನ್ನು ಜಗ್ಗಬೇಡಿ, ಮೊದಲು ಬೆಚ್ಚಗೆ ಮಾಡಿ. ಸಣ್ಣ ಹಿಡಿಕೆ ಸೆಟೆದ ಕೈಗೆ ವೈರಿ. ನಮ್ಮ ಆಯಿ ತಂಬಿಗೆಯ ಕೊರಳಿಗೂ ಊರುಗೋಲಿಗೂ ಹಳೆಯ ಸೀರೆಯ ಪಟ್ಟಿ ಸುತ್ತಿ ದಪ್ಪ ಮಾಡಿದ್ದಳು. ಗುಂಡಿಯ ಅಂಗಿಗೆ ಕಸೆ ಹೊಲಿದಳು. ಭುಜಕ್ಕಂತೂ ಮುತ್ಯಾ ತಾನೇ ದಾರಿ ಕಂಡುಕೊಂಡಿದ್ದ: ಗೋಡೆಗೆ ಬೆರಳು ಹಚ್ಚಿ ಇರುವೆಯಂತೆ ಮೆಲ್ಲಗೆ ಮೇಲೆ ಹತ್ತಿಸುತ್ತಿದ್ದ, ನೋವು ಬಂದಲ್ಲಿ ನಿಲ್ಲಿಸಿ ಉಸಿರು ಬಿಡುತ್ತಿದ್ದ. ಪಡಸಾಲೆಯ ಗೋಡೆಯ ಮೇಲೆ ಎಣ್ಣೆ ಬೆರಳಿನ ಕಪ್ಪು ದಾರಿಯೊಂದು ಮೂಡಿತ್ತು, ಸುಣ್ಣ ಬಳಿದರೂ ಮುಚ್ಚುತ್ತಿರಲಿಲ್ಲ. ಒಳ್ಳೆಯ ದಿನ ಅದು ದೀಪ ಇಡುವ ಮಾಡದವರೆಗೆ ಹೋಗುತ್ತಿತ್ತು, ಕೆಟ್ಟ ದಿನ ನನ್ನ ತಲೆಯ ಎತ್ತರಕ್ಕೇ ನಿಲ್ಲುತ್ತಿತ್ತು. ಕೆಟ್ಟ ದಿನವೂ ಅವನು ಗೋಡೆಯ ಹತ್ತಿರ ಹೋಗುವುದನ್ನು ಬಿಟ್ಟವನಲ್ಲ.

ಆದರೆ ಆ ಎರಡು ಬೆರಳು ಮಾತ್ರ ಸೋಲಲಿಲ್ಲ. ಎಡಗೈ ಕೊಡೋಣವೆಂದರೆ ಸಂತೆಯಲ್ಲಿ ಎಡಗೈ ಕೊಡುವುದು ಬೈದಂತೆ. ಒಂದು ದಿನ ನನ್ನನ್ನು ಎದುರು ಕೂಡಿಸಿಕೊಂಡು ವಲ್ಲಿ ಹೊದಿಸಿದ. “ಲೇ, ಈಗ ಎಷ್ಟ?” ಎಂದ. ನನ್ನ ಅಂಗೈಯ ನಟ್ಟನಡುವೆ ಅವನ ಹೆಬ್ಬೆರಳು ಒತ್ತಿತು. “ಒಂದ,” ಅಂದೆ. “ಅಲ್ಲಲೇ, ಅದು ಐದ. ಇದು?” ಹೆಬ್ಬೆರಳು ಮಣಿಕಟ್ಟಿನ ಹತ್ತಿರ ಸರಿದು ಒತ್ತಿತು. ಅದು ನಾಲ್ಕು. ಮೂರರವರೆಗೆ ಅವನ ಹಿಡಿತ ಸಾಲುತ್ತಿತ್ತು. ತಪ್ಪು ಹೇಳಿದರೆ ಬೈಗುಳ, ಸರಿ ಹೇಳಿದರೆ ಬೆಲ್ಲದ ಚೂರು. ನಾನು ಬೆಲ್ಲಕ್ಕೆ ಚೌಕಾಶಿ ಮಾಡುವುದನ್ನು ಕಲಿತದ್ದೂ ಆಗಲೇ.

ಯುಗಾದಿ ಕಳೆದ ಮೇಲೆ ಮುತ್ಯಾ ನನ್ನನ್ನು ಕರೆದುಕೊಂಡು ಜೈನಾಪುರಕ್ಕೆ, ಮಲ್ಲಪ್ಪನ ಮನೆಗೆ ಹೋದ. ಜಗಲಿಯ ಮೇಲೆ ಕೂತು ಕಿಸೆಯಿಂದ ಕೈ ತೆಗೆದು ತೋರಿಸಿದ. ಮಲ್ಲಪ್ಪ ಆ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಅವತ್ತ ಯಾಕ ಹೇಳಲಿಲ್ಲೋ ಯಪ್ಪಾ?” ಅಂದ. “ವಲ್ಲಿ ತಗದಾಗಿತ್ತಲ್ಲ,” ಅಂದ ಮುತ್ಯಾ. ಮುಂದಿನ ಸಂತೆಗೆ ಮಲ್ಲಪ್ಪ ತನ್ನ ಒಂದು ಹೋರಿಯನ್ನು ಹೊಡೆದುಕೊಂಡು ನೇರ ಮುತ್ಯಾನ ಮುಂದೆ ತಂದು ನಿಲ್ಲಿಸಿದ. ಮಂದಿ ಕೂಡಿತು. ಮುತ್ಯಾ ಕೈ ಎತ್ತಿ ಹಿಡಿದ. ಭುಜ ಏಳುವಷ್ಟು ಎತ್ತಿದ. “ಎಲ್ಲಾರೂ ನೋಡ್ರಿ. ಈ ಎರಡ ಬೆರಳ ನನ್ನ ಮಾತ ಕೇಳಂಗಿಲ್ಲ. ಹೆಬ್ಬೆರಳ ಕೇಳತೈತಿ. ನಡುವ ಒತ್ತಿದ್ರ ಐದ, ಮಣಿಕಟ್ಟಿಗೆ ಒತ್ತಿದ್ರ ನಾಕ. ತಿಳದವರು ಕೈ ಕೊಡ್ರಿ.” ಸಂಗಪ್ಪ ಎಲೆ ಉಗುಳಿ, “ಈ ವಯಸ್ನ್ಯಾಗ ನಮಗ ಸಾಲಿ ಕಲಸ್ತಿಯೇನೋ ಮುದಕಾ?” ಅಂದ. ಮುತ್ಯಾ ಕೈ ಇಳಿಸಲಿಲ್ಲ. ಗೋಡೆ ಇಲ್ಲದಿದ್ದರೂ ಆ ಭುಜ ನಿಂತಿತ್ತು. ಕೊನೆಗೆ ಮುಂದೆ ಬಂದವನು ಸಂಗಪ್ಪನೇ. ವಲ್ಲಿ ಹೊದಿಸಿದರು. ಬಟ್ಟೆ ಅಷ್ಟಾಗಿ ಅಲುಗಾಡಲಿಲ್ಲ. ಸಂಗಪ್ಪ ತಲೆ ತಗ್ಗಿಸಿ ಬಹಳ ಹೊತ್ತು ಕೇಳಿಸಿಕೊಂಡವನಂತೆ ನಿಂತು, “ತಿಳೀತು ಬಿಡ. ಮೊದಲ ಮುಷ್ಟೀಲೆ ಕೊಲ್ತಿದ್ದಿ, ಈಗ ಬರೇ ಹೆಬ್ಬೆರಳಲೇ ಕೊಲ್ತಿ” ಅಂದ. ಹೋರಿ ಮಲ್ಲಪ್ಪ ಹೇಳಿದ ದರಕ್ಕೇ ಹೋಯಿತು.

ಆಮೇಲೆ ಕೆಲವು ವರ್ಷ ಮುತ್ಯಾ ಸಂತೆ ತಪ್ಪಿಸಲಿಲ್ಲ. ಬೇನೆ ವಾಸಿಯಾಗಲಿಲ್ಲ, ಒಂದೊಂದೇ ಬೆರಳು ಅವನನ್ನು ಬಿಟ್ಟುಹೋಯಿತು. ಸ್ವಾತಂತ್ರ್ಯ ಬಂದ ಮುಂದಿನ ಮಾಗಿಯಲ್ಲಿ ಮುತ್ಯಾನೂ ಹೋದ, ಅವನ ಹಿಂದೆಯೇ ಆಯಿ. ಮನೆ ಅನ್ಯರ ಪಾಲಾಯಿತು, ಆ ಕಪ್ಪು ದಾರಿಯ ಗೋಡೆ ಮಣ್ಣಾಯಿತು. ಸಂಗಪ್ಪ, ಮಲ್ಲಪ್ಪ ಯಾರೂ ಈಗಿಲ್ಲ.

ಎಷ್ಟೋ ಕಾಲದ ಮೇಲೆ, ನನ್ನ ತಲೆ ನರೆತ ಹೊತ್ತಿನಲ್ಲಿ, ಕಳ್ಳಕವಟಗಿಯ ಬೀಗರಿಗೆ ಎಮ್ಮೆ ಕೊಡಿಸಲು ಅದೇ ಸಂತೆಗೆ ಹೋಗಿದ್ದೆ. ಗಟ್ಟಿಮುಟ್ಟಾದ ಹರೆಯದ ದಲಾಲನೊಬ್ಬ ನನ್ನ ಕೈ ಹಿಡಿದು ವಲ್ಲಿ ಹೊದಿಸಿದ. ಬೆರಳೆಲ್ಲ ನೆಟ್ಟಗಿದ್ದ ಹುಡುಗ. ನನ್ನ ಅಂಗೈಯ ನಟ್ಟನಡುವೆ ಹೆಬ್ಬೆರಳು ಒತ್ತಿದ. “ಮುಷ್ಟಿ ಹಿಡಿಯೂದು ಬಿಟ್ಟು ಇದೇನೋ ತಮ್ಮಾ?” ಅಂತ ಪಿಸುಗುಟ್ಟಿದೆ. “ಐದಕ್ಕ ಹಿಂಗ ಒತ್ತೂದರಿ ಕಾಕಾ. ಹಿರ್ಯಾರ ಕಾಲದಿಂದ ಹಿಂಗ ಐತಿ,” ಅಂತ ನನ್ನ ಕಿವಿಯಲ್ಲಿ ಉಸುರಿದ. ನಾನು ಕೈ ತೆಗೆಯದೆ ಹಾಗೇ ನಿಂತೆ. ಚೌಕಾಶಿಗೆ ನಿಂತಿದ್ದೇನೆಂದು ತಿಳಿದು, ಆ ಹುಡುಗ ಹೆಬ್ಬೆರಳನ್ನು ಮೆಲ್ಲಗೆ ಮಣಿಕಟ್ಟಿನ ಕಡೆಗೆ ಸರಿಸಿದ.