ಪ್ರಾಗಿನ ಸಂತೆಯ ಮುದುಕಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನೂ ನಕ್ಕವಳೇ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಾನು ಅಕ್ಕ-ಭಾವನ ಜೊತೆಗಿದ್ದೆ. ಧಾರವಾಡ ಬಿಟ್ಟು ಎಷ್ಟು ವರ್ಷವಾದರೂ ಅಕ್ಕ ಅವ್ವನ ರೂಢಿಗಳನ್ನು ಬಿಟ್ಟಿರಲಿಲ್ಲ. ಹೃದಯದ ಆಪರೇಷನ್ನಿಗೆ ಹೊರಟ ದಿನವೂ ಉಡಿ ತುಂಬು ಎಂದು ಹಟ ಹಿಡಿದು ಕೂತಳು. ಗೊಣಗುತ್ತಲೇ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿದೆ. ಉಡಿ ತುಂಬಿಸಿಕೊಂಡವಳು ನಾಲ್ಕು ಕಾಳು ತಿರುಗಿ ತಾಟಿಗೆ ಹಾಕಿ ಏಳಬೇಕು, ಮನೆ ಬರಿದಾಗಬಾರದೆಂದು. ಅಷ್ಟರಲ್ಲಿ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಕ್ಕ ಗಡಬಡಿಸಿ ಎದ್ದಳು.

"ಕಾಳು ಹಾಕಲೇ ಇಲ್ಲಲಾ ನೀ?" ಎಂದು ಚಾಷ್ಟಿ ಮಾಡಿದೆ.

"ಬಂದಮ್ಯಾಲ ಹಾಕ್ತೀನಿ ಬಿಡವಾ."

ಆಪರೇಷನ್ ಆಯಿತು, ಅಕ್ಕ ಕಣ್ಣು ತೆರೆಯಲಿಲ್ಲ. ದಿನ ಕಳೆದಂತೆ ಡಾಕ್ಟರು ಮಾತು ಕಡಿಮೆ ಮಾಡುತ್ತ ಬಂದರು. ನಂಬದ ದೇವರಿಗೆಲ್ಲ ಹರಕೆ ಹೊತ್ತೆ. ಅವಳಿಲ್ಲದೆ ಈ ಊರಿನಲ್ಲಿ ನಾನು ಹೇಗಿರಲಿ ಎಂದು ಆಸ್ಪತ್ರೆಯ ಬಚ್ಚಲಲ್ಲಿ ನಿಂತು ಅತ್ತೆ. ಮನೆಯಲ್ಲಿ ಆ ತಾಟನ್ನು ಎತ್ತಿಡಲೂ ಧೈರ್ಯವಾಗಲಿಲ್ಲ.

ಒಂದು ಮಧ್ಯಾಹ್ನ ಭಾವ ಒತ್ತಾಯ ಮಾಡಿ ನನ್ನನ್ನು ಮನೆಗೆ ಕಳಿಸಿದರು. ಬಿಕೋ ಎನ್ನುವ ಮನೆ ತಡೆಯಲಾರದೆ ಟಿವಿ ಹಾಕಿದೆ. ಅಕ್ಕ ದಿನವೂ ನೋಡುತ್ತಿದ್ದ ಚಾನೆಲ್ಲಿನಲ್ಲಿ ಪ್ರಾಗ್ ನಗರದ ಬಗ್ಗೆ ಹಳೆಯ ಕಪ್ಪುಬಿಳುಪು ಸಾಕ್ಷ್ಯಚಿತ್ರ ಬರುತ್ತಿತ್ತು. ಸೇತುವೆ, ಗಡಿಯಾರದ ಗೋಪುರ, ಬೊಂಬೆ ಕೆತ್ತುವವರು. ಆಮೇಲೆ ಸಂತೆ. ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಕ್ಯಾಮೆರಾದತ್ತ ತಿರುಗಿದಳು. ಏಪ್ರನ್ನಿನ ಮಡಿಲಿಂದ ಚಿಟಿಕೆ ಕಾಳು ತೆಗೆದು ಮುಂದಿದ್ದ ತಾಟಿಗೆ ಹಾಕಿ ಎದ್ದಳು, ಥೇಟ್ ನಮ್ಮ ಹೆಣ್ಣುಮಕ್ಕಳ ಹಾಗೆ.

ನನಗೆ ಅಳು, ನಗು ಒಟ್ಟಿಗೇ ಬಂದವು. ಅಕ್ಕ ಬರುತ್ತಾಳೆ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಆಗಲೇ ಫೋನು ಬಂತು. ನಗುತ್ತಲೇ ಎತ್ತಿದೆ.

"ಈಗಽ ಹೋದಳವಾ ನಿಮ್ಮಕ್ಕ," ಎಂದರು ಭಾವ.

ಆ ಚಿತ್ರವನ್ನು ಆಮೇಲೆ ಹುಡುಕಿ ಎಷ್ಟೋ ಸಲ ನೋಡಿದ್ದೇನೆ. ಸಂತೆ ಇದೆ, ಮುದುಕಿಯೂ ಇದ್ದಾಳೆ. ಏಪ್ರನ್ ಕೊಡವಿ ಹೊರಟುಹೋಗುತ್ತಾಳೆ, ಅಷ್ಟೆ. ತಾಟೂ ಇಲ್ಲ, ಕಾಳೂ ಇಲ್ಲ. ದುಃಖದಲ್ಲಿ ನಿನಗೆ ಹಾಗೆ ಕಂಡಿರಬೇಕು ಎನ್ನುತ್ತಾರೆ ಭಾವ. ಇರಬಹುದು. ಅಕ್ಕ ಕೊಟ್ಟ ಮಾತು ತೀರಿಸಿ ಹೋದಳೋ, ಎಲ್ಲ ನನ್ನ ಭ್ರಮೆಯೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

ಈಗ ನಮ್ಮ ಮನೆಯಲ್ಲಿ ಉಡಿ ತುಂಬಿಸಿಕೊಂಡು ಯಾರೇ ಹೊರಡಲಿ, ಹೊರಗೆ ಟ್ಯಾಕ್ಸಿ ಎಷ್ಟೇ ಕೂಗಲಿ, ಕಾಳು ತಾಟಿಗೆ ಬೀಳುವವರೆಗೂ ನಾನು ಬಾಗಿಲು ತೆಗೆಯುವುದಿಲ್ಲ.